ದಾವೀದಪ್ಪನ ಕೋಲಿನ ಹಿಂದೆ

ಲಂಡನ್ನಿಗೆ ಬಂದ ಮೇಲೆ ನನ್ನನ್ನು ಮೊಟ್ಟಮೊದಲು ಕನ್ನಡದಲ್ಲಿ ಬೈದವರು ದಾವೀದಪ್ಪ ಮುಳಗುಂದ. ಅಲ್ಲಿಯ ತನಕ ಇಂಗ್ಲಿಷಿನಲ್ಲಿ ಬೈಸಿಕೊಳ್ಳುತ್ತಿದ್ದೆ. ಅದರಲ್ಲಿ ಅರ್ಧ ತಿಳಿಯುತ್ತಿರಲಿಲ್ಲವಾದ್ದರಿಂದ ನೆಮ್ಮದಿಯಾಗಿಯೇ ಇದ್ದೆ.

ಎರಡು ಸಾವಿರದ ಮೂರರ ದೀಪಾವಳಿ. ಕ್ರೋಯ್ಡನ್ನಿನ ಕನ್ನಡದವರೆಲ್ಲ ಸೇರಿ ಸೇಂಟ್ ವುಲ್ಫ್ರಿಡಾ ಚರ್ಚಿನ ಸಭಾಂಗಣವನ್ನು ಬಾಡಿಗೆಗೆ ಹಿಡಿದಿದ್ದರು. ನಾನು ಒಬ್ಬ ಹುಡುಗಿಯ ಕಣ್ಣಿಗೆ ಬೀಳಲೆಂದು ಎರಡೆರಡು ಕುರ್ಚಿಗಳನ್ನು ಒಟ್ಟಿಗೆ ದರದರ ಎಳೆದು ಸಾಲು ಮಾಡುತ್ತಿದ್ದೆ. ಹುಡುಗಿ ನೋಡಲಿಲ್ಲ. ನೋಡಿದ್ದು, ಮೂಲೆಯಲ್ಲಿ ಚಹಾದ ಬಾಯ್ಲರಿಗೆ ನೀರು ತುಂಬುತ್ತಿದ್ದ ಕರಿ ಕೋಟಿನ ಒಬ್ಬ ಮುದುಕ.

"ಏ ತಮ್ಮಾ! ಕುರ್ಚಿ ಎತ್ತಿ ಇಡು, ಎಳೀಬ್ಯಾಡ. ನೆಲಾ ನಿಮ್ಮಪ್ಪ ಬಂದು ತಿಕ್ಕತಾನೇನು?"

ಚರ್ಚಿನ ಆಳು ಎಂದುಕೊಂಡವನ ಬಾಯಲ್ಲಿ ಗದಗಿನ ಮಾತು! ನನಗೆ ಸಿಟ್ಟು ಬರಲಿಲ್ಲ, ಹಸಿವಾಯಿತು.

"ಯಾವೂರ್ರಿ ನಿಮ್ದು?" ಅಂದೆ.

"ಬೆಟಗೇರಿ. ಅಲ್ಲೇ ಮಿಶನ್ ಕಂಪೌಂಡಿನಾಗ ಹುಟ್ಟಿದಾಂವ. ನಿಂದು?"

"ಬಿಜಾಪುರ್ರಿ. ನಿಜಲಿಂಗಪ್ಪ ಅಂತ."

"ಇಷ್ಟ ಭಾರ ಹೆಸರು ಹೊತ್ತಾಂವಗ ಎರಡು ಕುರ್ಚಿ ಎತ್ತಾಕ ಬರಂಗಿಲ್ಲೇನು?"

ಆ ವಾರವೇ ನಾನು ಅವರ ಮನೆಯ ಹಿಂದಿನ ಕೋಣೆಗೆ ಬಂದು ಸೇರಿದೆ. ಚರ್ಚಿನ ಬೆನ್ನಿಗೆ ಅಂಟಿಕೊಂಡಿದ್ದ ಪುಟ್ಟ ಇಟ್ಟಿಗೆ ಮನೆ. ಒಂದು ಕಡೆ ಬಹುಮಹಡಿ ಕಾರ್ ಪಾರ್ಕು, ಇನ್ನೊಂದು ಕಡೆ ರಸ್ತೆಯ ಅಡಿಯಲ್ಲಿ ಹಾಯುವ ಸುರಂಗದಾರಿ, ನಡುವೆ ಇವರು ಮತ್ತು ದೇವರು. ಬಾಡಿಗೆ ಕಡಿಮೆ. ಕಡಿಮೆಯಾದದ್ದಕ್ಕೆ ನಾನು ಭಾನುವಾರ ಕುರ್ಚಿ ಎತ್ತಬೇಕು, ಅವರ ಕರಿ ನಿಲುವಂಗಿಗೆ ಇಸ್ತ್ರಿ ಹಾಕಬೇಕು. ಕುರ್ಚಿ ಎತ್ತುವುದನ್ನು ಕಲಿತೆ. ಇಸ್ತ್ರಿ ಕೊನೆಯವರೆಗೂ ಬರಲಿಲ್ಲ.

"ಕಾಕಾ, ನಾ ಲಿಂಗಾ ಕಟ್ಟಿದಾಂವ. ಚರ್ಚಿನ ಮನ್ಯಾಗ ಇದ್ರ ನಡೀತೈತೇನ್ರಿ?" ಎಂದು ಮೊದಲ ದಿನವೇ ಕೇಳಿದ್ದೆ.

"ನೀ ಏನರ ಕಟ್ಕೋ. ಈ ಸೀಮ್ಯಾಗ ಮಲಗಿದಿ ಅಂದ್ರ ನೀ ನಮ್ಮ ಬಾಯಾರ ಪಾಲಿಗೆ ಬಂದಿ. ನಿನ್ನ ಆತ್ಮದ ಜವಾಬ್ದಾರಿ ಅವರದು. ಇಲ್ಲಿ ಪದ್ಧತಿ ಹಂಗ ಐತಿ."

ಬಾಯಾರು ಎಂದರೆ ವಿಕರ್ ಪೆನೆಲಪಿ ಹಾರ್ಟ್, ಆ ಚರ್ಚಿನ ಗುರು. ಸೈಕಲ್ ಮೇಲೆ ಓಡಾಡುವ, ದೊಡ್ಡ ದನಿಯ, ನಲವತ್ತರ ಆಸುಪಾಸಿನ ಹೆಂಗಸು. ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ಆತ್ಮವನ್ನು ಹೀಗೆ ಒಬ್ಬರಿಗೆ ವಹಿಸಿಕೊಟ್ಟಾಗಿದೆ ಎಂಬುದನ್ನು ನಾನು ಫೋನಿನಲ್ಲಿ ಅವ್ವನಿಗೆ ಹೇಳಲಿಲ್ಲ.

ದಾವೀದಪ್ಪ ಆ ಚರ್ಚಿನ ವರ್ಜರ್. ಪೂಜೆ ಮಾಡುವವರಲ್ಲ, ಕಸ ಗುಡಿಸುವವರು ಮಾತ್ರವೂ ಅಲ್ಲ. ನಮ್ಮ ಕಡೆ ಸ್ವಾಮಿಗಳು ಬರುವಾಗ ಮುಂದೆ ಬೆತ್ತ ಹಿಡಿದು ನಡೆಯುವವನಿರುತ್ತಾನಲ್ಲ, ಹಾಗೆ. ಬೀಗ ತೆಗೆಯುವುದು, ಮೇಣದ ಬತ್ತಿ ಹಚ್ಚುವುದು, ಗಂಟೆ ಬಾರಿಸುವುದು, ಹೀಟರ್ ಜತೆ ಜಗಳ ಆಡುವುದು, ಬೂದಿ ತೋಟದಲ್ಲಿ ಗುಣಿ ತೋಡುವುದು ಎಲ್ಲ ಅವರದೇ. ಬೂದಿ ತೋಟವೆಂದರೆ, ದಹನವಾದವರ ಬೂದಿಯನ್ನು ಹೂಳುವ, ಗುಲಾಬಿ ಗಿಡಗಳ ಒಂದು ಚೌಕ. ಆದರೆ ಅವರ ನಿಜವಾದ ಕಸುಬು ಕಾಣುತ್ತಿದ್ದುದು ಭಾನುವಾರ. ಬೆಳ್ಳಿ ತುದಿಯ ಒಂದು ಕರಿ ಕೋಲು ಹಿಡಿದು, ವಿಕರ್ ಕೂತಲ್ಲಿಗೆ ಹೋಗಿ ನಿಂತು, ತಿರುಗಿ, ಮುಂದೆ ಮುಂದೆ ನಡೆದು ಅವರನ್ನು ಪ್ರಸಂಗ ಪೀಠದ ತನಕ ಕರೆದೊಯ್ಯುವುದು. ಅಲ್ಲಿ ಪಕ್ಕಕ್ಕೆ ಸರಿದು, ಅವರು ದಾಟುವ ತನಕ ತಲೆಬಾಗಿ ನಿಲ್ಲುವುದು. ಸಾವಿನ ಪೂಜೆಯಾದರೆ ಶವಪೆಟ್ಟಿಗೆಯ ಮುಂದೆಯೂ ಹೀಗೆಯೇ. ಮತ್ತು ಎಂದೂ ಹಿಂದಕ್ಕೆ ನೋಡಬಾರದು. ಹಿಂದೆ ಬರುತ್ತಾರೆ ಎಂದು ನಂಬಿ ನಡೆಯುವುದೇ ಆ ಕೆಲಸದ ಮರ್ಯಾದೆ.

ಹಿಂದಿನ ವಿಕರ್ ಒಬ್ಬರು ಅರ್ಧ ದಾರಿಯಲ್ಲಿ ಯಾವುದೋ ಮುದುಕಿಯ ಮಂಡಿನೋವು ವಿಚಾರಿಸುತ್ತ ನಿಂತುಬಿಟ್ಟರಂತೆ. ದಾವೀದಪ್ಪ ಒಬ್ಬರೇ ಪೀಠದ ತನಕ ಹೋಗಿ, ಪಕ್ಕಕ್ಕೆ ಸರಿದು, ಖಾಲಿ ಗಾಳಿಗೆ ತಲೆಬಾಗಿ ನಿಂತರಂತೆ.

"ನಗಲಿಲ್ಲೇನ್ರಿ ಮಂದಿ?"

"ನಕ್ರು. ನಗವಲ್ರ್ಯಾಕ. ಬರೋದು ಅವರ ಕೆಲಸ. ಕರಕೊಂಡು ಹೋಗೋದು ನಂದು. ನಂದು ನಾ ಮಾಡೇನಿ."

ಇಷ್ಟು ಅವರ ಕೆಲಸದ ಬಗ್ಗೆ. ಇನ್ನು ನನ್ನ ಕೆಲಸ. ನಾನು ಬಂದದ್ದು ವರ್ಕಿಂಗ್ ಹಾಲಿಡೇ ವೀಸಾದ ಮೇಲೆ. ವರ್ಕಿಂಗ್ ಸಿಕ್ಕಿತು, ಹಾಲಿಡೇ ಎಲ್ಲಿದೆಯೆಂದು ಹುಡುಕುತ್ತಿದ್ದೆ. ಕೆಂಬಲ್ ಹೌಸ್ ಎಂಬ ಎತ್ತರದ ಕಟ್ಟಡದಲ್ಲಿ ಒಂದು ವಿಮಾ ಕಂಪನಿಯ ಟಪಾಲು ವಿಂಗಡಿಸುವುದು ನನ್ನ ಉದ್ಯೋಗ. ಅವ್ವನಿಗೆ "ಇನ್ಶೂರನ್ಸ್ ಕಂಪನಿ" ಎಂದಷ್ಟೇ ಹೇಳಿದ್ದೆ. ಬಡ್ತಿ ಅವಳೇ ಕೊಟ್ಟುಕೊಂಡಳು. ಕಾಕಾನಿಗೆ "ಒಂಬತ್ತನೇ ಮಹಡ್ಯಾಗ ಕೂಡ್ತೀನ್ರಿ, ಟೇಮ್ಸ್ ನದಿ ಕಾಣತೈತಿ" ಎಂದಿದ್ದೆ. ಕೂಡುತ್ತಿದ್ದುದು ನೆಲಮಾಳಿಗೆಯಲ್ಲಿ. ಕಾಣುತ್ತಿದ್ದುದು ಒಂದು ಕಾರಿಡಾರು.

ಉದ್ದನೆಯ ಕಾರಿಡಾರು. ಈ ತುದಿಗೆ ನನ್ನ ಟಪಾಲು ಕೋಣೆ, ಆ ತುದಿಗೆ ಬಾಯ್ಲರ್ ಕೋಣೆ. ಕರೆಂಟು ಉಳಿಸಲೆಂದು ಅಲ್ಲಿ ಮನುಷ್ಯ ಅಲುಗಾಡಿದರೆ ಮಾತ್ರ ಹತ್ತುವ ದೀಪಗಳನ್ನು ಹಾಕಿದ್ದರು. ನಡೆಯುತ್ತ ಹೋದಂತೆ ಒಂದೊಂದೇ ದೀಪ ಹತ್ತುತ್ತದೆ. ದಾಟಿದ ಮೇಲೆ ಒಂದೊಂದೇ ಆರುತ್ತದೆ. ಸುಮ್ಮನೆ ಕೂತರೆ ಕತ್ತಲು. ಟಪಾಲು ಕೋಣೆಯಲ್ಲೂ ಹಾಗೆಯೇ. ನಾನು ತೂಕಡಿಸಿದಾಗಲೆಲ್ಲ ದೀಪ ಆರಿ, ಕಂಪನಿಗೆ ನನ್ನ ಬಗ್ಗೆ ಇರುವ ಅಭಿಪ್ರಾಯ ಗೊತ್ತಾಗುತ್ತಿತ್ತು.

ಸಂಜೆ ಐದರ ಸುಮಾರಿಗೆ, ಕೊನೆಯ ಚೀಲದ ಬಾಯಿ ಕಟ್ಟುವ ಹೊತ್ತಿಗೆ, ಆ ತುದಿಯ ಕೊನೆಯ ದೀಪ ಹತ್ತುತ್ತಿತ್ತು.

ಅಲ್ಲಿ ಯಾರೂ ಇರುತ್ತಿರಲಿಲ್ಲ. ಯಾರಾದರೂ ಬಂದರೆ ಅದರ ಈಚಿನ ದೀಪ ಹತ್ತಬೇಕು, ಅದರ ಈಚಿನದು ಹತ್ತಬೇಕು. ಹತ್ತುತ್ತಿರಲಿಲ್ಲ. ಆ ಒಂದೇ ದೀಪ ತುಸು ಹೊತ್ತು ಉರಿದು ಆರಿಹೋಗುತ್ತಿತ್ತು. ಯಾರೋ ಎದ್ದು ನಿಂತು, ಕಾದು, ಮತ್ತೆ ಕೂತ ಹಾಗೆ.

ಕಟ್ಟಡ ನೋಡಿಕೊಳ್ಳುವ ಟೆರಿಗೆ ಹೇಳಿದೆ. ಅವನು ದೀಪ ಹತ್ತಿಸುವ ಸೆನ್ಸರನ್ನು ಎರಡು ಸಲ ಬದಲಿಸಿದ್ದನಂತೆ. "ಪೈಪು ಬಿಸಿಯಾದರೆ ಅದಕ್ಕೆ ಮನುಷ್ಯರು ಬಂದ ಹಾಗೆ ಅನಿಸುತ್ತೆ. ಇಲ್ಲಾ ಗಾಳಿ. ಇದು ಯುದ್ಧದ ಕಾಲದಲ್ಲಿ ಜನ ಬಾಂಬಿಗೆ ಹೆದರಿ ಅಡಗುತ್ತಿದ್ದ ನೆಲಮಾಳಿಗೆ. ಒಂದು ಸಲ ಮೇಲಿನ ಬೀದಿಯೇ ಇದರ ಮೇಲೆ ಕುಸಿದು, ಒಳಗಿದ್ದವರು ಹೊರಗೆ ಬರಲೇ ಇಲ್ಲ. ಆಮೇಲೆ ಅದರ ಮೇಲೆಯೇ ಈ ಕಟ್ಟಡ ಎಬ್ಬಿಸಿದರು. ಗೋಡೆ ತುಂಬ ಬಿರುಕು," ಅಂದ. ನನಗೆ ಪೈಪಿನ ಕಾರಣವೇ ಹೆಚ್ಚು ಹಿಡಿಸಿತು.

ಒಂದು ಸಂಜೆ ಧೈರ್ಯ ಮಾಡಿ ನಡೆದು ನೋಡಿದೆ. ಬಾಯ್ಲರ್ ಕೋಣೆಯ ಬಾಗಿಲ ಪಕ್ಕದಲ್ಲಿ ಸೀಟು ಹರಿದ ಒಂದು ಕುರ್ಚಿ. ಅದರೆದುರು, ಹಿಂದೆ ಬಾಗಿಲಿದ್ದು ಈಗ ಇಟ್ಟಿಗೆ ತುಂಬಿದ ಗೋಡೆ. ಬಾಯ್ಲರ್ ಪಕ್ಕದಲ್ಲೇ ಇದ್ದರೂ ಅಲ್ಲಿ ಚಳಿ. ಡಾಕ್ಟರ ಬಳಿ ಹೆಸರು ಬರೆಸದೆ ಒಳಗೆ ನುಗ್ಗಿದವನಂತೆ ನನಗೆ ನಾಚಿಕೆಯಾಯಿತು. "ಸಾರಿ" ಎಂದು ಕುರ್ಚಿಗೆ ಹೇಳಿ ಬಂದೆ. ಲಂಡನ್ನಿನಲ್ಲಿ ಕಂಬಕ್ಕೆ ಡಿಕ್ಕಿ ಹೊಡೆದರೂ ಸಾರಿ ಹೇಳುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಇದನ್ನು ಊಟದ ಹೊತ್ತಿನ ತಮಾಷೆ ಮಾಡಿದ್ದೇ ನನ್ನ ಜಾಣತನ. ಕ್ರಿಸ್‌ಮಸ್ ಮುಗಿದ ವಾರ. ಕಾಕಾ ಜೋಳದ ರೊಟ್ಟಿ ಬಡಿದಿದ್ದರು, ಜುಣಕ ಮಾಡಿದ್ದರು.

"ಕಾಕಾ, ನಮ್ಮ ಆಫೀಸಿನ ದೆವ್ವಕ್ಕ ಡ್ಯೂಟಿ ಟೈಮ್ ಭಾಳ ಪಕ್ಕಾ ನೋಡ್ರಿ. ಐದಾತಂದ್ರ ಎದ್ದು ನಿಂದರತೈತಿ. ಕರ್ಯಾಕ ಯಾರೂ ಬರ್ಲಿಲ್ಲ ಅಂತ ಮತ್ತ ಕುಂದರತೈತಿ. ನಮ್ಮ ಮ್ಯಾನೇಜರ್‌ಗಿಂತ ಶಿಸ್ತು."

"ಒಂಬತ್ತನೇ ಮಹಡಿಗೂ ದೆವ್ವ ಬರ್ತಾವೇನು?"

ಸುಳ್ಳನ್ನು ಅಲ್ಲಿಗೇ ಬಿಡಬೇಕಾಯಿತು. "ಇಲ್ರಿ. ಖರೇ ಹೇಳ್ಬೇಕಂದ್ರ ನಾ ಕೂಡೋದು ನೆಲಮಾಳಗ್ಯಾಗ. ಕೆಂಬಲ್ ಹೌಸಿನ ತಳಕ್ಕ."

ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತು.

"ಅಲ್ಲಿ ಕುರ್ಚಿ ಇನ್ನೂ ಐತೇನು?" ಎಂದು ಕೇಳಿದರು.

ನಾನು ಕುರ್ಚಿಯ ಸುದ್ದಿ ಎತ್ತಿರಲೇ ಇಲ್ಲ.

ಆಮೇಲೆ ಅವರು ಹೇಳಿದ್ದು. ಅವರ ಹೆಂಡತಿ ಮಾರ್ಥವ್ವ ಆ ಕಟ್ಟಡದಲ್ಲಿ ಕಸ ಗುಡಿಸುವ, ನೆಲ ಒರೆಸುವ ಕೆಲಸಕ್ಕಿದ್ದಳು. ಐದಕ್ಕೆ ಪಾಳಿ ಮುಗಿಯುತ್ತಿತ್ತು. ಹಿಂದಿನ ಗಲ್ಲಿಗೆ ತೆರೆಯುವ ಒಂದು ಕಬ್ಬಿಣದ ಬಾಗಿಲು. ಅದಕ್ಕೆ ಹೊರಗಿನಿಂದ ಹಿಡಿಕೆ ಇರಲಿಲ್ಲ. ಕಾಕಾ ದಿನಾ ಹೋಗಿ ಛತ್ರಿಯಿಂದ ಮೂರು ಸಲ ಬಡಿಯಬೇಕು, ಅವಳು ತೆಗೆದು ಹೊರಗೆ ಬರಬೇಕು. ಸುರಂಗದಾರಿಯಲ್ಲಿ ಅವಳಿಗೆ ಹೆದರಿಕೆ. ಮುಂದೆ ಇವರು, ಹಿಂದೆ ಇವರ ಕೋಟಿನ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವಳು.

"ಕೋಟು ಸುಕ್ಕಾಗ್ತೈತಿ ಬಿಡ ಅಂತಿದ್ದೆ. 'ಮಂದಿನ್ನೆಲ್ಲಾ ಕೋಲು ಹಿಡ್ಕೊಂಡು ಕರಕೊಂಡು ಹೋಗ್ತೀರಿ, ನಾ ಒಬ್ಬಾಕಿ ಭಾರ ಆದ್ನೇನು' ಅಂತಿದ್ಲು. ನೀವು ಬಂದು ಕರದ್ರ ಬರ್ತೀನಿ, ಒಬ್ಬಾಕಿನ ಬರಾಂಗಿಲ್ಲ ಅಂತ ಹಟ."

ತೊಂಬತ್ತಾರರ ನವೆಂಬರಿನ ಒಂದು ಸಂಜೆ ಚರ್ಚಿನಲ್ಲಿ ಯಾರದೋ ದೊಡ್ಡ ಸಾವಿನ ಪೂಜೆ ತಡವಾಯಿತು. ಇವರು ಕೋಲು ಬಿಟ್ಟು ಹೋಗುವ ಹಾಗಿರಲಿಲ್ಲ. ಅವಳು ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಆ ಕುರ್ಚಿಯ ಮೇಲೆ ಕಾಯುತ್ತ ಕೂತವಳು ಹಾಗೆಯೇ ಹೋಗಿಬಿಟ್ಟಿದ್ದಳು. ಎದೆ ನಿಂತಿತ್ತಂತೆ.

"ಅಕಿ ಸಾವಿನ ಪೂಜಿ ದಿನಾ ನಾ ಹೆಂಡ್ತೀ ಸತ್ತಾಂವ. ಮುಂದಿನ ಬೆಂಚಿನ್ಯಾಗ ಕುಂಡ್ರಿಸಿದ್ರು. ಪಕ್ಕದ ಚರ್ಚಿನ ವರ್ಜರ್ ಬಂದು ಕೋಲು ಹಿಡ್ದು ಪೆಟ್ಟಿಗಿ ಮುಂದ ನಡದಾ. ನಾ ಸುಮ್ನ ಕುಂತೆ. ಅಲ್ಲೇ ತಪ್ಪಿದ್ದು. ಬ್ಯಾರೇದಾಂವನ ಕೋಲಿನ ಹಿಂದ ಅಕಿ ಯಾಕ ಬರ್ತಾಳ? ಪೆಟ್ಟಿಗಿ ಬಂತು, ಅಕಿ ಬರಲಿಲ್ಲ."

ಮರುವರ್ಷ ಕಟ್ಟಡದವರು ಆ ಬಾಗಿಲನ್ನು ಇಟ್ಟಿಗೆ ಹಾಕಿ ಮುಚ್ಚಿದರು. ಕಾಕಾ ದಿನಾ ಸಂಜೆ ಬಿಸಿಲಿದ್ದರೂ ಛತ್ರಿ ಹಿಡಿದು ಹೊರಗೆ ಹೋಗುವುದನ್ನು ನಾನು ನೋಡಿದ್ದೆ. ವಯಸ್ಸಾದವರ ವಾಕಿಂಗ್ ಎಂದುಕೊಂಡಿದ್ದೆ.

"ಏಳು ವರ್ಷಾತು, ಮೊದಲ ಬಾಗಲಾ, ಆಮ್ಯಾಲೆ ಆ ಇಟ್ಟಂಗಿ ಗ್ವಾಡೀನ ಬಡದು ಬರ್ತೀನಿ. ಒಳಗ ಕೇಳಸ್ತೈತೋ ಇಲ್ಲೋ ಗೊತ್ತಿರಲಿಲ್ಲ." ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಕೇಳಸ್ತೈತಿ ಅಂತ ನೀ ಹೇಳಿದಿ ಇವತ್ತ. ಎದ್ದು ನಿಂದರ್ತಾಳ. ಬಾಗಲಾ ಇಲ್ಲ. ಮತ್ತ ಕುಂದರ್ತಾಳ."

ನಾನು ಎರಡೂ ತಟ್ಟೆ ಎತ್ತಿಕೊಂಡು ತೊಳೆಯಲು ಹೋದೆ.

ನಾನು ನಂಬಲಿಲ್ಲ. ಓದಿದವನು, ಬಿ.ಕಾಂ. ಆದರೆ ಜನವರಿಯಲ್ಲಿ ಕಾಕಾ ಜ್ವರ ಬಂದು ಹಾಸಿಗೆ ಹಿಡಿದರು. ಆ ವಾರವೆಲ್ಲ ಐದು ಗಂಟೆಗೆ ಕಾರಿಡಾರಿನಲ್ಲಿ ಕತ್ತಲೇ ಇತ್ತು. ಏಳು ವರ್ಷದಲ್ಲಿ ಮೊದಲ ಸಲ ಯಾರೂ ಗೋಡೆ ಬಡಿದಿರಲಿಲ್ಲ. ಅವರು ಎದ್ದು ಛತ್ರಿ ಹಿಡಿದು ಹೊರಟ ಸಂಜೆ, ನಾನು ಚೀಲದ ಬಾಯಿ ಕಟ್ಟುತ್ತಿರುವಾಗ, ಕೊನೆಯ ದೀಪ ಹತ್ತಿತು. ಅಂದು ಎಂದಿಗಿಂತ ಹೆಚ್ಚು ಹೊತ್ತು ಉರಿಯಿತು.

ಪೈಪಿನ ಕಾರಣವನ್ನು ನಾನು ಅಂದೇ ಕೈಬಿಟ್ಟೆ.

ಮಾರ್ಚಿನಲ್ಲಿ ಟೆರಿ ಹೊಸ ಸುದ್ದಿ ತಂದ. ಬೇಸಿಗೆಗೆ ಕಂಪನಿ ಕಟ್ಟಡ ಖಾಲಿ ಮಾಡುತ್ತದೆ, ಮೇಲೆಲ್ಲ ಫ್ಲ್ಯಾಟುಗಳಾಗುತ್ತವೆ, ನೆಲಮಾಳಿಗೆಗೆ ಕಾಂಕ್ರೀಟು ತುಂಬುತ್ತಾರೆ. ನನ್ನ ನೌಕರಿ ಹೋಗುತ್ತದೆ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಮೊದಲು ಹೊಳೆದದ್ದು ಆ ಕುರ್ಚಿ. ಕಾಕಾನಿಗೆ ಹೇಳಿದೆ. ಅವರಿಗೂ ಆ ಶರತ್ಕಾಲಕ್ಕೆ ನಿವೃತ್ತಿ, ಕೋಲು ಬೇರೆಯವರ ಕೈಗೆ.

"ಕಾಂಕ್ರೀಟ್ ಹಾಕೂದ್ರೊಳಗ ತರಬೇಕು," ಅಂದರು. ಹೊಲದಲ್ಲಿ ಬಿಟ್ಟು ಬಂದ ದನದ ಬಗ್ಗೆ ಹೇಳುವ ದನಿ.

ಅವರು ಹುಡುಕಿದ ದಾರಿ ಹೀಗೆ. ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ, ಚರ್ಚಿನವರು ತಮ್ಮ ಸೀಮೆ ಸುತ್ತುವ ಹಳೆಯ ಪದ್ಧತಿಯೊಂದಿದೆ. ನಮ್ಮಲ್ಲಿ ಎಳ್ಳಮಾಸಿಗೆ ಹೊಲದ ಸುತ್ತ ಚರಗ ಚೆಲ್ಲುತ್ತ ನಡೆಯುತ್ತೇವಲ್ಲ, ಹಾಗೆ ಗುರುಗಳೂ ಊರವರೂ ಸೀಮೆಯ ಗುಂಟ ನಡೆದು, ಗಡಿಕಲ್ಲುಗಳನ್ನು ಕೋಲಿನಿಂದ ಬಡಿಯುತ್ತಾರೆ. ಇಲ್ಲಿಂದ ಒಳಗಿನವರೆಲ್ಲ ನಮ್ಮವರು ಎಂದು ಅದರ ಅರ್ಥ. ಕೆಂಬಲ್ ಹೌಸ್ ಎದ್ದ ಮೇಲೆ ಸೇಂಟ್ ವುಲ್ಫ್ರಿಡಾದ ಸೀಮೆಯನ್ನು ಯಾರೂ ಪೂರ್ತಿ ಸುತ್ತಿರಲಿಲ್ಲ. ಒಂದು ಗಡಿಕಲ್ಲು ಆ ನೆಲಮಾಳಿಗೆಯ ಗೋಡೆಯಲ್ಲೇ ಸೇರಿಹೋಗಿತ್ತು.

ಸೀಮೆ ಸುತ್ತೋಣ ಎಂದು ಕಾಕಾ ಕೇಳಿದಾಗ ವಿಕರ್ ಹಿಗ್ಗಿದರು. ಹಾಡುವ ಕ್ವಾಯರಿನವರು, ಫೋಟೋದವರು, ಕೊನೆಗೆ ಕೇಕು, ಎಲ್ಲವನ್ನೂ ನಿಂತಲ್ಲೇ ಗೊತ್ತುಮಾಡಿದರು. ಕಾಕಾ ಕೆಂಬಲ್ ಹೌಸಿನ ಹೆಸರು ಎತ್ತಿದಾಗ ಮಾತ್ರ ಅನುಮಾನದಿಂದ ನೋಡಿದರು. ನಾನು ಅಲ್ಲೇ ಬಾಗಿಲಲ್ಲಿ ನಿಂತು ಚರ್ಚಿನ ಬಿಸ್ಕತ್ತು ತಿನ್ನುತ್ತಿದ್ದೆ.

"ಡೇವಿಡ್, ಅವರು ಸುಲಭವಾಗಿ ಒಳಗೆ ಬಿಡುವುದಿಲ್ಲ. ಆ ಒಂದು ಕಲ್ಲು ಬಿಟ್ಟರೆ ಏನಾಗುತ್ತೆ?"

"ನನ್ನ ಹೆಂಡತಿ ಅಲ್ಲಿ ಕಾಯುತ್ತಿದ್ದಾಳೆ," ಎಂದು ಕಾಕಾ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. "ನಾನು ಹೋಗಿ ಕರೆದುಕೊಂಡು ಬರಬೇಕು."

ಎಲ್ಲದಕ್ಕೂ ಒಂದು ಪ್ರಾರ್ಥನೆ ಗೊತ್ತಿದ್ದ ಹೆಂಗಸು ತಮ್ಮ ಪಟ್ಟಿಯನ್ನೂ ಪೆನ್ನನ್ನೂ ಕೈಗೆತ್ತಿಕೊಂಡರು. ಮುದುಕನಿಗೆ ಅರಳುಮರಳು ಎಂದು ಮೇಲಿನವರಿಗೆ ಬರೆಯುತ್ತಾರೆ, ಶರತ್ಕಾಲದ ನಿವೃತ್ತಿ ನಾಳೆಗೇ ಆಗುತ್ತದೆ ಎಂದು ಹೆದರಿ ನಾನು ಬಿಸ್ಕತ್ತು ತಿನ್ನುವುದನ್ನು ನಿಲ್ಲಿಸಿದೆ.

"ಹಾಗಾದರೆ ಒಳಗೆ ಕ್ವಾಯರ್ ಬೇಡ," ಅಂದರು ವಿಕರ್, ಪಟ್ಟಿಯ ಮೇಲೆ ಗೀಟು ಎಳೆದು. "ಫೋಟೋದವರೂ ಬೇಡ."

ಕಟ್ಟಡದವರು ಒಪ್ಪಿದ್ದು ಮೂವರಿಗೆ. ವಿಕರ್, ವರ್ಜರ್, ಮತ್ತು ಬಾಗಿಲು ತೆಗೆಯುವ ಕಾರ್ಡು ಇರುವ ಒಬ್ಬ ನೌಕರ. ಕಂಪನಿ ನನ್ನನ್ನು ಹೆಸರು ಹಿಡಿದು ಒಂದು ಜವಾಬ್ದಾರಿಗೆ ನೇಮಿಸಿದ್ದು ಅದೊಂದೇ ಸಲ.

ಆ ಭಾನುವಾರ ಬೆಳಿಗ್ಗೆ ನಿಲುವಂಗಿಗೆ ಇಸ್ತ್ರಿ ಹಾಕಿದೆ. ಕಾಕಾ ಅದನ್ನು ಎತ್ತಿ ಹಿಡಿದು ನೋಡಿ, "ಎತ್ತು ಮೆಲಕು ಹಾಕಿದಂಗ ಐತಿ," ಎಂದರಾದರೂ ತೊಟ್ಟುಕೊಂಡರು. "ಕೇಳಿಲ್ಲಿ. ನೀ ಕಡೀಕ ಬಾ. ಬಾಗಲಾ ಹಿಡಿಯೋದು ನಿನ್ನ ಕೆಲಸ. ಕಡೇದಾಂವ ದಾಟೂ ಮಟಾ ಬಿಡಬ್ಯಾಡ."

"ಕಡೇದಾಂವ ನಾನ ಅಲ್ರಿ ಕಾಕಾ?"

ಅವರು ಕೋಲಿನ ಬೆಳ್ಳಿ ತುದಿಯನ್ನು ತೋಳಿಗೆ ಉಜ್ಜಿ ಹೊರಟರು.

ಮಧ್ಯಾಹ್ನವೆಲ್ಲ ಸೀಮೆ ಸುತ್ತಿದೆವು. ಕಾರ್ ಪಾರ್ಕಿನ ಕಂಬಕ್ಕೆ ಬಿದಿರ ಕೋಲಿನ ಏಟು, ಟ್ರಾಮ್ ಹಳಿಯ ಪಕ್ಕದ ಕಲ್ಲಿಗೆ ಏಟು, ಕಬಾಬ್ ಅಂಗಡಿಯ ಮೆಟ್ಟಿಲಿಗೆ ಏಟು. ಅಂಗಡಿಯವ ಹೆದರಿ ಹೊರಗೆ ಬಂದ. ಎಲ್ಲರೂ ನಗುತ್ತಿದ್ದರು. ಕೆಂಬಲ್ ಹೌಸಿನ ಹತ್ತಿರ ಬಂದಾಗ ವಿಕರ್ ಉಳಿದವರನ್ನೆಲ್ಲ ಚರ್ಚಿಗೆ, ಕೇಕಿನ ಕಡೆಗೆ ಕಳಿಸಿದರು. ಸುಮಾರು ಐದರ ಹೊತ್ತು.

ಸರಕು ಇಳಿಸುವ ಬಾಗಿಲಿನಿಂದ ಟಪಾಲು ಕೋಣೆಗೆ, ಅಲ್ಲಿಂದ ಕಾರಿಡಾರಿಗೆ. ಮುಂದೆ ಕಾಕಾ ಬೆಳ್ಳಿ ತುದಿಯ ಕೋಲು ಹಿಡಿದು, ಹಿಂದೆ ವಿಕರ್, ಕೊನೆಗೆ ನಾನು. ದೀಪಗಳು ಒಂದೊಂದೇ ಹತ್ತಿದವು. ಹೊರಗೆ ಮೇ ತಿಂಗಳ ಬಿಸಿಲಿತ್ತು ಎಂಬುದು ಆಗಲೇ ಮರೆತುಹೋಗಿತ್ತು. ಬಾಯ್ಲರ್ ಕೋಣೆಯ ಒಳಗೆ, ಪೈಪುಗಳ ಹಿಂದೆ, ಅಕ್ಷರ ಸವೆದ ಗಡಿಕಲ್ಲು ಗೋಡೆಯಿಂದ ಗಲ್ಲದಂತೆ ಹೊರಚಾಚಿತ್ತು. ವಿಕರ್ ಮೆಲ್ಲಗೆ ಪ್ರಾರ್ಥನೆ ಓದಿದರು. ಅವರ ದೊಡ್ಡ ದನಿ ಅಲ್ಲಿ ಏಳಲಿಲ್ಲ. ಕಾಕಾ ಕಲ್ಲನ್ನು ಕೋಲಿನಿಂದ ಮುಟ್ಟಿದರು. ಅಷ್ಟು ಹೊತ್ತಿಗೆ ಕಾರಿಡಾರಿನ ದೀಪಗಳೆಲ್ಲ ಆರಿ, ಬಾಗಿಲಾಚೆ ಕಪ್ಪಗೆ ಕತ್ತಲು ನಿಂತಿತ್ತು.

ಕಾಕಾ ಕುರ್ಚಿಯ ಬಳಿ ಹೋಗಿ ನಿಂತರು. ತಲೆಯ ಮೇಲಿನ ಒಂದು ದೀಪ ಹತ್ತಿತು. ಕೋಲಿನ ಬುಡದಿಂದ ಇಟ್ಟಿಗೆಯ ಗೋಡೆಯನ್ನು ಮೂರು ಸಲ ಬಡಿದರು, ಒಳಗಿನಿಂದ.

"ಏಳು. ಭಾಳ ತಡಾ ಆತು, ಗೊತ್ತೈತಿ. ನಡಿ, ಮನಿಗೆ ಹೋಗೂಣು."

ತಿರುಗಿ, ನೇರ ನೋಡುತ್ತ, ಚರ್ಚಿನಲ್ಲಿ ನಡೆಯುವ ಅದೇ ನಿಧಾನದಲ್ಲಿ ನಡೆಯತೊಡಗಿದರು. ವರ್ಜರನ ಬೆನ್ನಿಗೇ ಹೋಗುವುದು ವಿಕರ್ ರೂಢಿ. ಅಂದು ಅವರು ಹೋಗಲಿಲ್ಲ. ಗೋಡೆಗೆ ಒತ್ತಿ ನಿಂತು, ಜಾಗ ಬಿಟ್ಟರು. ನನ್ನ ಎದೆಗೆ ಅಡ್ಡ ಕೈ ಹಿಡಿದು ನನ್ನನ್ನೂ ತಡೆದರು. ಕಾಕಾ ಎರಡನೆಯ ದೀಪ ದಾಟಿದರು, ಮೂರನೆಯದು ದಾಟಿದರು. ಹಿಂದಿನ ದೀಪಗಳು ಆರಬೇಕಿತ್ತು. ಆರಲಿಲ್ಲ. ಅವರ ಮತ್ತು ನಮ್ಮ ನಡುವೆ ಖಾಲಿ ಕಾರಿಡಾರು ಬೆಳಗುತ್ತಲೇ ಇತ್ತು. ಯಾವುದೋ ಸೋಪಿನ ವಾಸನೆ. ಅದರ ಹಿಂದೆ ಒದ್ದೆ ಸುಣ್ಣದ, ಹಳೆಯ ಉಣ್ಣೆ ಬಟ್ಟೆಯ ವಾಸನೆ. ವಿಕರ್ ಕೈ ನನ್ನ ಎದೆಯ ಮೇಲಿಂದ ಬಹಳ ಹೊತ್ತು ಇಳಿಯಲಿಲ್ಲ. ಇಳಿದಾಗ, "ಈಗ ನಾವು," ಅಂದರು.

ಸರಕಿನ ಬಾಗಿಲು ಭಾರ, ಬಿಟ್ಟರೆ ತಾನೇ ಮುಚ್ಚಿಕೊಳ್ಳುವಂಥದ್ದು. ನಾನು ಮುಂದಕ್ಕೆ ಓಡಿ ಅದಕ್ಕೆ ಬೆನ್ನು ಕೊಟ್ಟು ಹಿಡಿದೆ. ಕಾಕಾ ದಾಟಿ ಬಿಸಿಲಿಗೆ ಇಳಿದರು. ವಿಕರ್ ಮತ್ತೆ ನಿಂತು ಕಾದು, ಆಮೇಲೆ ದಾಟಿದರು.

ಗಲ್ಲಿ, ಸುರಂಗದಾರಿ, ಚರ್ಚಿನ ಗೇಟು. ಕಾಕಾ ಒಮ್ಮೆಯೂ ತಿರುಗಲಿಲ್ಲ. ಬೂದಿ ತೋಟದಲ್ಲಿ ಮಾರ್ಥವ್ವನ ಹೆಸರಿನ ಕಲ್ಲಿನ ತನಕ ಹೋಗಿ, ಪಕ್ಕಕ್ಕೆ ಸರಿದು, ತಲೆಬಾಗಿದರು. ತಲೆಬಾಗಿದವರು ಏಳಲೇ ಇಲ್ಲ. ಅಳುತ್ತಿದ್ದಾರೆಂದು ನಾನು ಹತ್ತಿರ ಹೋಗಹೊರಟೆ. ವಿಕರ್ ನನ್ನ ತೋಳು ಹಿಡಿದು ನಿಲ್ಲಿಸಿದರು. ಸಭಾಂಗಣದಿಂದ ಕೇಕು ತಿನ್ನುವವರ ನಗು ಕೇಳುತ್ತಿತ್ತು. ಕಾಕಾ ಗುಲಾಬಿ ಗಿಡದ ಪಕ್ಕ ಹಾಗೆಯೇ, ಒಬ್ಬರು ದಾಟುವ ಹೊತ್ತಿಗಿಂತ ಎಷ್ಟೋ ಹೆಚ್ಚು ಹೊತ್ತು, ಬಾಗಿ ನಿಂತಿದ್ದರು. ಕೊನೆಗೆ ನೆಟ್ಟಗಾಗಿ, ಕೋಲನ್ನು ತೋಳಿಗೆ ಒರಗಿಸಿ ಚಹಾದ ಬಾಯ್ಲರಿನ ಕಡೆಗೆ ಹೊರಟರು.

ಲೋಟ ತೊಳೆಯುವಾಗ ವಿಕರ್ ಅವರ ಪಕ್ಕ ಬಂದು ನಿಂತರು. ಮುಖ ಬಿಳುಚಿಕೊಂಡಿತ್ತು.

"ಡೇವಿಡ್, ನಾನು ಒಬ್ಬರಿಗೆ ಜಾಗ ಬಿಟ್ಟೆ," ಅಂದರು. "ನನ್ನ ಸರದಿ ಬರುವುದಕ್ಕೆ ಅಷ್ಟು ಹೊತ್ತು ಯಾಕೆ ಹಿಡಿಯಿತು?"

ಕಾಕಾ ಲೋಟ ಒರೆಸಿ ಬೋರಲು ಹಾಕಿದರು. "ಗೊತ್ತಿಲ್ಲ ವಿಕರ್. ವರ್ಜರ್ ಹಿಂದಕ್ಕೆ ನೋಡುವುದಿಲ್ಲ."

ಅವರು ಹೋದ ಮೇಲೆ ನಾನು ಕನ್ನಡದಲ್ಲಿ ಕೇಳಿದೆ: "ಕಾಕಾ, ಕಾಕೂ ಬಂದ್ರೇನ್ರಿ?"

"ಬಂದ್ಲು."

"ನೋಡಲಾರದ ಹ್ಯಾಂಗ ಹೇಳ್ತೀರಿ?"

"ಸುರಂಗದಾಗ ಹೆದರ್ತಾಳಲೇ ಅಕಿ," ಎಂದು ನಿಲುವಂಗಿ ಕಳಚಿ ನನ್ನ ಕೈಗೆ ಕೊಟ್ಟರು.

ಸೋಮವಾರ ಐದಕ್ಕೆ ಕಾರಿಡಾರು ಕತ್ತಲಾಗಿಯೇ ಇತ್ತು. ಮಂಗಳವಾರವೂ. ಆ ತಿಂಗಳೆಲ್ಲ ನಾನು ಅಲ್ಲಿ ಒಬ್ಬನೇ ಕೂತು ಟಪಾಲು ಕಟ್ಟಿದೆ. ಮೊದಲು ಹೆದರಿಕೆಯಿತ್ತು, ಈಗ ಅದೂ ಇಲ್ಲದೆ ಬೇಸರವಾಗುತ್ತಿತ್ತು. ಮನೆಯಲ್ಲಿ ಛತ್ರಿ ಮೊಳೆಗೆ ನೇತುಬಿದ್ದಿತ್ತು, ಮಳೆ ಬಂದಾಗ ಮಾತ್ರ ಇಳಿಯುತ್ತಿತ್ತು.

ನಿಲುವಂಗಿಯನ್ನು ನಾನು ಆ ಭಾನುವಾರ ಸಂಜೆಯೇ ದೀಪದ ಕೆಳಗೆ ಬಿಡಿಸಿ ನೋಡಿದ್ದೆ. ಬೆನ್ನಿನ ನಡುವೆ, ಸೊಂಟಕ್ಕಿಂತ ತುಸು ಮೇಲೆ, ಬಟ್ಟೆ ಮುಷ್ಟಿಯಷ್ಟು ಅಗಲಕ್ಕೆ ಒಳಸೇರಿ ಸುಕ್ಕುಗಟ್ಟಿತ್ತು. ಕೈ ಆಡಿಸಿದರೂ ಬಿಡಲಿಲ್ಲ. ಯಾರಾದರೂ ಸಾಕ್ಷಿ ಕೇಳಿದರೆ ಮಾತ್ರ ನಾನು ನಿಲ್ಲಲಾರೆ. ಬೆಳಿಗ್ಗೆ ಅದಕ್ಕೆ ಇಸ್ತ್ರಿ ಹಾಕಿದವನು ನಾನೇ.